ಕೊಡಲಿಯ ಬಾಯಿ, ಗಾಲ್ಫ್ ದಾಂಡಿನ ತಲೆ

ಹೊಡೆಯುವ ಉಪಕರಣ ಯಾವುದೇ ಇರಲಿ, ಅದರ ತಲೆಯಿಂದ ನಾವು ಪರಸ್ಪರ ವಿರುದ್ಧವಾದ ಎರಡು ಗುಣಗಳನ್ನು ಅಪೇಕ್ಷಿಸುತ್ತೇವೆ. ಪೆಟ್ಟು ಹಾಕುವ ಬಾಯಿ ಗಟ್ಟಿಯಾಗಿರಬೇಕು. ಪೆಟ್ಟನ್ನು ತಾಳಿಕೊಳ್ಳುವ ಮೈ ಒಡೆಯದಂತಿರಬೇಕು. ಗಟ್ಟಿಯಾದುದು ಸಾಮಾನ್ಯವಾಗಿ ಪೆಡಸು, ಪೆಡಸಾದುದು ಸಿಡಿಯುತ್ತದೆ. ಸಿಡಿಯದಿರುವುದು ಮೆತು, ಮೆತುವಾದುದರ ಅಲಗು ನಾಲ್ಕು ಪೆಟ್ಟಿಗೆ ಮೊಂಡಾಗುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಮನುಷ್ಯನು ಬಹು ಹಿಂದೆಯೇ ಕಂಡುಕೊಂಡ ಉಪಾಯವೆಂದರೆ, ಎರಡು ಬಗೆಯ ಪದಾರ್ಥಗಳನ್ನು ಒಂದೇ ತಲೆಯಲ್ಲಿ ಕೂಡಿಸುವುದು.

ಈ ಕೂಡಿಕೆಯ ಚರಿತ್ರೆಯನ್ನು ಹೇಳುವಾಗ ನಾವು ಎರಡು ವಸ್ತುಗಳನ್ನು ಅಕ್ಕಪಕ್ಕದಲ್ಲಿ ಇರಿಸಿಕೊಳ್ಳುತ್ತೇವೆ. ಒಂದು, ನಮ್ಮ ಸೀಮೆಯ ಕುಲುಮೆಗಳಲ್ಲಿ ಆಗುತ್ತಿದ್ದ, ಕಬ್ಬಿಣದ ಮೈಗೆ ಉಕ್ಕಿನ ಬಾಯಿ ಬೆಸೆದ ಕೊಡಲಿ, ಬಾಚಿ, ಉಳಿಗಳು. ಇನ್ನೊಂದು, ಗಾಲ್ಫ್ ಎಂಬ ಆಟದ ದಾಂಡು. ಎರಡನೆಯದನ್ನು ಕೇಳಿ ವಾಚಕರು ಹುಬ್ಬೇರಿಸಬಹುದು. ಕುಂದುರ್ಪಿಯ ಬೆಟ್ಟದ ಕೆಳಗೆ ಕಡಲೆಕಾಯಿ ಬೆಳೆಯುವವರಿಗೂ ಆ ಸಿರಿವಂತರ ಆಟಕ್ಕೂ ಏನು ಸಂಬಂಧ? ಆಟದೊಡನೆ ಸಂಬಂಧವಿಲ್ಲದಿದ್ದರೂ ದಾಂಡಿನ ತಲೆಯೊಡನೆ ಇದೆ. ಲೋಹವನ್ನೂ ಲೋಹವಲ್ಲದ್ದನ್ನೂ ಕೂಡಿಸುವ ವಿದ್ಯೆಯಲ್ಲಿ ಈಚಿನ ಕಾಲದ ಎಂಜಿನಿಯರುಗಳು ಪಟ್ಟಿರುವ ಶ್ರಮವೆಲ್ಲ, ಕೈಯಲ್ಲಿ ಹಿಡಿಯಬಹುದಾದ ಆ ಇನ್ನೂರು ಗ್ರಾಂ ತೂಕದ ತಲೆಯಲ್ಲಿ ಅಡಕವಾಗಿ ಕಾಣುತ್ತದೆ. ಹಿಂದೂಪುರದಿಂದ ಸುಮಾರು ೧೦೦ ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಹೈಗ್ರೌಂಡ್ಸಿನ ಬಯಲಿನಲ್ಲಿ, ೧೮೭೬ರಲ್ಲಿ ಸ್ಥಾಪಿತವಾದ ಗಾಲ್ಫ್ ಸಂಘ ಇಂದಿಗೂ ಇದೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿಯೂ ಆಂಗ್ಲ ಅಧಿಕಾರಿಗಳು ಈ ಆಟಕ್ಕೆ ಬಯಲು ಮಾಡಿಕೊಂಡಿದ್ದರು. ಆದುದರಿಂದ ಅದು ನಮ್ಮ ನಾಡಿನ ಅಂಚಿನಲ್ಲೇ ನೂರೈವತ್ತು ವರ್ಷಗಳಿಂದ ಬೀಸುತ್ತಿರುವ ದಾಂಡು.

ಮೊದಲು ಕುಲುಮೆಯ ಮಾತು.

೧೭೯೯ರಲ್ಲಿ ಟಿಪ್ಪುವಿನ ಪತನವಾದ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದನು. ಅವನ ಪ್ರವಾಸಗ್ರಂಥ ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಳೆ, ಕಂದಾಯ, ಜಾತಿ, ನೇಯ್ಗೆ ಎಲ್ಲವನ್ನೂ ವಿಚಾರಿಸಿ ಬರೆಯುವ ಸ್ವಭಾವ ಅವನದು. ಕೆಲವೆಡೆ ಅವನ ತಾತ್ಸಾರ ನಮಗೆ ರುಚಿಸುವುದಿಲ್ಲ. ಆದರೆ ಕೆಲಸಗಾರನ ಕೈಯನ್ನು ನೋಡಿ ವರ್ಣಿಸುವಾಗ ಅವನು ನಂಬಿಕೆಗೆ ಯೋಗ್ಯ. ಮಧುಗಿರಿಯ ಕಡೆಯ ಚನ್ನರಾಯನದುರ್ಗದಲ್ಲಿ, ಎಂದರೆ ಇಂದಿನ ತುಮಕೂರು ಜಿಲ್ಲೆಯಲ್ಲಿ, ಅವನು ಕಬ್ಬಿಣ ಕಾಸುವುದನ್ನೂ ಉಕ್ಕು ಮಾಡುವುದನ್ನೂ ಕಂಡನು. ಪಾವಗಡ, ಮಡಕಶಿರಾ, ಕುಂದುರ್ಪಿಗಳಿಗೂ ಆ ದುರ್ಗಕ್ಕೂ ನಡುವೆ ಇರುವುದು ಒಂದೇ ಬಗೆಯ ಬಂಡೆ, ಒಂದೇ ಬಗೆಯ ಹಳ್ಳ.

ಅದಿರು ಯಾವುದು? ಹಳ್ಳದ ಕಪ್ಪು ಮರಳು. ಮಳೆಗಾಲದಲ್ಲಿ ಬೆಟ್ಟದಿಂದ ಇಳಿಯುವ ನೀರು ಹಗುರವಾದ ಮರಳನ್ನು ಮುಂದಕ್ಕೆ ಒಯ್ದು, ಭಾರವಾದ ಕಪ್ಪು ಮರಳನ್ನು ಹಳ್ಳದ ತಿರುವುಗಳಲ್ಲಿ ಬಿಟ್ಟುಹೋಗುತ್ತದೆ. ಅದನ್ನು ಬಾಚಿ ತೊಳೆದು, ಇದ್ದಿಲಿನೊಡನೆ ಒಲೆಗೆ ಹಾಕಿ, ತಿದಿಯೂದಿ ಕಾಸಿದರೆ ಮೆತುವಾದ ಕಬ್ಬಿಣದ ಗಟ್ಟಿ ದೊರೆಯುತ್ತಿತ್ತು. ಈಗಲೂ ಮಳೆ ನಿಂತ ಮೇಲೆ ಹಳ್ಳದ ಮರಳಿನ ಮೇಲೆ ಅಯಸ್ಕಾಂತವನ್ನು ಎಳೆದರೆ ಆ ಕಪ್ಪು ಕಣಗಳು ಮೀಸೆಯಂತೆ ಅಂಟಿಕೊಳ್ಳುವುದನ್ನು ಶಾಲೆಯ ಮಕ್ಕಳು ನೋಡಬಹುದು.

ಆ ಕಬ್ಬಿಣದಿಂದ ಉಕ್ಕು ಮಾಡುವುದು ಎರಡನೆಯ ಹಂತ. ಹಸಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ಒಂದು ತುಂಡು, ತಂಗಡಿ ಗಿಡದ ಕಡ್ಡಿಗಳು, ಒಂದೆರಡು ಹಸಿರೆಲೆ ಇಟ್ಟು ಬಾಯಿಯನ್ನು ಮಣ್ಣಿನಿಂದ ಮೆತ್ತುತ್ತಿದ್ದರು. ಇಂಥ ಹಲವು ಮೂಸೆಗಳನ್ನು ಒಲೆಯಲ್ಲಿ ಜೋಡಿಸಿ ಇದ್ದಿಲಿನ ಉರಿಯಲ್ಲಿ ಕಾಸಿದರೆ, ಕಡ್ಡಿ ಎಲೆಗಳು ಸುಟ್ಟು ಇಂಗಾಲವಾಗಿ ಕಬ್ಬಿಣವನ್ನು ಸೇರುತ್ತಿತ್ತು. ಶುದ್ಧ ಕಬ್ಬಿಣ ಕರಗಲು ೧೫೩೮ ಡಿಗ್ರಿ ಸೆಂಟಿಗ್ರೇಡ್ ಉಷ್ಣ ಬೇಕು. ತಿದಿಯ ಗಾಳಿಗೆ ಅದು ಸುಲಭವಲ್ಲ. ಆದರೆ ನೂರಕ್ಕೆ ಒಂದೂವರೆ ಪಾಲು ಇಂಗಾಲ ಸೇರಿದ ಕೂಡಲೇ ಕರಗುವ ಉಷ್ಣ ಕೆಳಗಿಳಿಯುತ್ತದೆ. ಮೂಸೆ ಒಡೆದಾಗ ತಳದಲ್ಲಿ ಉಕ್ಕಿನ ಬಿಲ್ಲೆ ಇರುತ್ತಿತ್ತು. ಅದರ ಮೇಲ್ಮೈಯಲ್ಲಿ ಹರಳುಗಟ್ಟಿದ ಗೆರೆಗಳು ಕಂಡರೆ ಪೂರ್ತಿ ಕರಗಿದೆ, ಒಳ್ಳೆಯ ಉಕ್ಕು ಎಂದು ಅರ್ಥ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರುಗಳು ರಾಶಿರಾಶಿಯಾಗಿ ದೊರೆತು, ವಿದ್ವಾಂಸರು ಅವುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದ್ದಾರೆ.

ಈ ಉಕ್ಕು ದೇಶಾಂತರಕ್ಕೆ ಹೋದ ಕಥೆ ಎಲ್ಲರಿಗೂ ಗೊತ್ತಿರುವುದೆ. ೧೭೯೪ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಕಳಿಸಿದ ತುಂಡುಗಳನ್ನು ಜಾರ್ಜ್ ಪಿಯರ್ಸನ್ ಪರೀಕ್ಷಿಸಿ, ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದನು. ಅದರಲ್ಲಿ ಈ ಲೋಹದ ಹೆಸರು ‘ವೂಟ್ಸ್’ ಎಂದಿತ್ತು. ಅದು ಕನ್ನಡದ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರ ಮತ. ತೆಲುಗಿನಲ್ಲಿಯೂ ಅದು ಉಕ್ಕೇ. ಎರಡು ನುಡಿಗಳೂ ಒಂದೇ ಅಂಗಳದಲ್ಲಿ ಆಡುವ ನಮ್ಮ ಊರುಗಳಲ್ಲಿ ಈ ಪದ ಯಾರದೆಂದು ಜಗಳವಾಡುವ ಅಗತ್ಯವಿಲ್ಲ. ಮುಂದೆ ೧೮೧೯ರಿಂದ ಕೆಲವು ವರ್ಷ ಮೈಕೇಲ್ ಫ್ಯಾರಡೆಯು ಚಾಕು ಕತ್ತರಿಗಳ ತಯಾರಕನಾದ ಜೇಮ್ಸ್ ಸ್ಟೊಡಾರ್ಟನೊಡನೆ ಸೇರಿ ಇದರ ಮರ್ಮವನ್ನು ಹುಡುಕಿದನು. ವಿದ್ಯುತ್ತಿನ ಪಾಠದಲ್ಲಿ ಮಕ್ಕಳು ಓದುವ ಫ್ಯಾರಡೆಯೇ ಇವನು.

ಎಲ್ಲರೂ ಹೇಳದೆ ಬಿಡುವ ಸಂಗತಿ ಬೇರೊಂದಿದೆ. ಮೂಸೆಯ ಉಕ್ಕು ದುಬಾರಿ, ಬಿಲ್ಲೆ ಚಿಕ್ಕದು. ಅದರಿಂದ ಇಡೀ ಕೊಡಲಿಯನ್ನು ಮಾಡಿದರೆ ಬೆಲೆಯೂ ಹೆಚ್ಚು, ಸಿಡಿಯುವ ಭಯವೂ ಹೆಚ್ಚು. ಆದುದರಿಂದ ಕಮ್ಮಾರನು ಮೈಯನ್ನು ಮೆತು ಕಬ್ಬಿಣದಿಂದ ಮಾಡಿ, ಬಾಯಿಯನ್ನು ಸೀಳಿ, ಆ ಸೀಳಿನಲ್ಲಿ ಉಕ್ಕಿನ ತೆಳು ಬಿಲ್ಲೆಯನ್ನು ಇಟ್ಟು, ಕಾಸಿ, ಅಡಿಗಲ್ಲಿನ ಮೇಲೆ ಬಡಿದು ಬೆಸೆಯುತ್ತಿದ್ದನು. ಕೇಳಲು ಇದು ಸುಲಭವೆನಿಸುತ್ತದೆ. ಮೆತು ಕಬ್ಬಿಣ ಬೆಸುಗೆಗೆ ಬರಬೇಕಾದರೆ ಬಿಳುಪಾಗುವಷ್ಟು ಕಾಯಬೇಕು. ಅಷ್ಟು ಕಾಸಿದರೆ ಇಂಗಾಲ ತುಂಬಿದ ಉಕ್ಕು ಪುಡಿಪುಡಿಯಾಗಿ ಹಾಳಾಗುತ್ತದೆ. ಒಂದು ಬಿಳುಪಿನಲ್ಲಿ, ಇನ್ನೊಂದು ಕಿತ್ತಳೆ ಬಣ್ಣ ಮೀರದೆ ಇರುವಾಗ, ಎರಡನ್ನೂ ಕೂಡಿಸಬೇಕು. ಮೇಲೆ ಮರಳನ್ನೊ ಬಿಳಿಗಾರವನ್ನೊ ಉದುರಿಸಿ, ಕಿಟ್ಟ ಕರಗಿ ಹೊರಬರುವಂತೆ ಮಾಡಬೇಕು. ಯೂರೋಪಿನ ಕಮ್ಮಾರರು ನಮ್ಮ ಉಕ್ಕನ್ನು ತಮ್ಮ ಅಭ್ಯಾಸದ ಉಷ್ಣಕ್ಕೆ ಕಾಸಿ, ಬಡಿಯುವಾಗ ಅದು ಒಡೆದುದನ್ನು ಕಂಡು ಬೆರಗಾದರು. ಕಣ್ಣಿನಿಂದ ಬಣ್ಣ ನೋಡಿ ಉಷ್ಣವನ್ನು ಅಳೆಯುವ ಆ ಪರಿಣತಿ ಪುಸ್ತಕದಲ್ಲಿ ಇರಲಿಲ್ಲ. ತಿದಿಯೂದುವ ಮಗ ಅಪ್ಪನ ಪಕ್ಕದಲ್ಲಿ ಕೂತು ಕಲಿಯುತ್ತಿದ್ದುದು.

ಈ ಉಕ್ಕು ಕಲ್ಲುಕುಟಿಗರ ಉಳಿಗೂ ಕತ್ತಿಯ ಅಲಗಿಗೂ ಬಳಕೆಯಾಗುತ್ತಿತ್ತು. ಚನ್ನಪಟ್ಟಣದಲ್ಲಿ ವೀಣೆಯಂಥ ವಾದ್ಯಗಳಿಗೆ ಎಳೆಯುತ್ತಿದ್ದ ಉಕ್ಕಿನ ತಂತಿಗೆ ದೂರದ ನಾಡುಗಳಲ್ಲಿಯೂ ಮಾನವಿತ್ತು. ಕಲ್ಲಿನ ಉಳಿಯ ಮಾತು ಬಂದಾಗ ನಮ್ಮ ಕಣ್ಣು ಸಹಜವಾಗಿ ಹೇಮಾವತಿಯ ಕಡೆಗೂ ಲೇಪಾಕ್ಷಿಯ ಕಡೆಗೂ ಹೋಗುತ್ತದೆ. ನೊಳಂಬರ ಹೆಂಜೇರು, ಎಂದರೆ ಮಡಕಶಿರಾ ಸೀಮೆಯ ಹೇಮಾವತಿ, ನುಣುಪಾದ ಕರಿಗಲ್ಲಿನ ಕೆತ್ತನೆಗೆ ಹೆಸರಾದುದು. ಅಚ್ಯುತರಾಯನ ಕಾಲದಲ್ಲಿ ಪೆನುಗೊಂಡೆಯ ವಿರೂಪಣ್ಣನು ಕಟ್ಟಿಸಿದ ಲೇಪಾಕ್ಷಿಯ ವೀರಭದ್ರ ಗುಡಿಯಲ್ಲಿ ಇಡೀ ಬಂಡೆಯನ್ನೇ ನಂದಿಯಾಗಿ ಕಡೆದಿದ್ದಾರೆ. ಗ್ರಾನೈಟಿನ ಮೇಲೆ ಬರಿಯ ಕಬ್ಬಿಣದ ಉಳಿ ನಿಲ್ಲದು; ಮೂತಿಗೆ ಉಕ್ಕು ಬೇಕು, ಸುತ್ತಿಗೆಯ ಪೆಟ್ಟು ಬೀಳುವ ಹಿಂಭಾಗಕ್ಕೆ ಮೆತು ಕಬ್ಬಿಣ ಬೇಕು. ಶಿಲ್ಪಿಯ ಹೆಸರನ್ನು ಕೇಳುವ ನಾವು ಉಳಿ ಮಾಡಿಕೊಟ್ಟವನನ್ನು ಕೇಳುವುದಿಲ್ಲ.

ಲೋಹಕ್ಕೆ ಲೋಹವಲ್ಲದ್ದನ್ನು ಕೂಡಿಸುವುದರಲ್ಲಿಯೂ ನಮ್ಮವರಿಗೆ ಅಭ್ಯಾಸವಿತ್ತು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವುದನ್ನು ನೋಡಿದವರು ಬಲ್ಲರು: ಪಟ್ಟಿ ಗಾಲಿಗಿಂತ ತುಸು ಚಿಕ್ಕದು, ಬೆರಣಿಯ ಬೆಂಕಿಯಲ್ಲಿ ಕಾಯ್ದು ಹಿಗ್ಗಿದಾಗ ಗಾಲಿಯ ಮೇಲೆ ಕೂರುತ್ತದೆ, ನೀರು ಸುರಿದಾಗ ಕುಗ್ಗಿ ಮರವನ್ನು ಬಿಗಿಯುತ್ತದೆ. ಟಿಪ್ಪುವಿನ ಬಾಣಗಳು, ಎಂದರೆ ರಾಕೆಟ್ಟುಗಳು, ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರನ್ನು ತೊಗಲಿನ ಪಟ್ಟಿಯಿಂದ ಕಟ್ಟಿದವು. ೧೭೮೦ರ ಪೊಲ್ಲಿಲೂರು ಕಾಳಗದಲ್ಲಿ ಅವು ಕಂಪನಿಯ ಸೈನ್ಯವನ್ನು ಕಂಗೆಡಿಸಿದುದೂ, ಆಮೇಲೆ ಇಂಗ್ಲೆಂಡಿನಲ್ಲಿ ಕಾಂಗ್ರೀವನು ಅದೇ ಜಾಡಿನಲ್ಲಿ ಕೆಲಸಮಾಡಿದುದೂ ಪ್ರಸಿದ್ಧ. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕಿದವು. ಇನ್ನು ಬಿಲ್ಲು. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂದು ಹೆಸರು. ಶೃಂಗದಿಂದ, ಎಂದರೆ ಕೊಂಬಿನಿಂದ ಆದುದು ಎಂದು ಆ ಪದದ ಅರ್ಥ. ಮರ, ಕೊಂಬು, ನರ ಇವನ್ನು ಅಂಟಿನಿಂದ ಕೂಡಿಸಿ ಬಿಲ್ಲು ಮಾಡುವ ಕ್ರಮ ಏಷ್ಯಾಖಂಡದಲ್ಲೆಲ್ಲ ಇತ್ತು.

ಕೊಂಬಿನ ಮಾತು ನಮ್ಮನ್ನು ಸ್ಕಾಟ್ಲೆಂಡಿಗೆ ಒಯ್ಯುತ್ತದೆ. ಗಾಲ್ಫ್ ಅಲ್ಲಿಯ ಆಟ. ಜನರು ಬಿಲ್ವಿದ್ಯೆಯ ಅಭ್ಯಾಸ ಬಿಟ್ಟು ಈ ಆಟದಲ್ಲಿ ಮುಳುಗಿದ್ದಾರೆಂದು ೧೪೫೭ರಲ್ಲಿ ಅಲ್ಲಿಯ ದೊರೆ ಎರಡನೆಯ ಜೇಮ್ಸನ ಕಾಲದ ಸಭೆ ಇದನ್ನು ನಿಷೇಧಿಸಿತು. ಆಟದ ತಿರುಳು ಸರಳ. ನಮ್ಮ ಹುಡುಗರ ಚಿನ್ನಿದಾಂಡಿನಂತೆಯೇ ನೆಲದ ಮೇಲಿರುವ ವಸ್ತುವನ್ನು ದಾಂಡಿನಿಂದ ದೂರಕ್ಕೆ ಹೊಡೆಯಬೇಕು. ಇಲ್ಲಿ ಚಿನ್ನಿಯ ಬದಲು ಚೆಂಡು, ಕೊನೆಗೆ ಅದು ಕುಳಿಯೊಳಗೆ ಬೀಳಬೇಕು. ಕಡಮೆ ಪೆಟ್ಟುಗಳಲ್ಲಿ ಬೀಳಿಸಿದವನು ಗೆದ್ದನು. ಹಳೆಯ ದಾಂಡಿನ ತಲೆ ಸೇಬು, ಬೀಚ್ ಮುಂತಾದ ಮರಗಳದು, ಉದ್ದ ಮೂತಿಯದು. ಆದರೆ ಬರಿಯ ಮರವಲ್ಲ. ನೆಲಕ್ಕೆ ಉಜ್ಜುವ ಮುಂದಣ ಅಂಚಿಗೆ ಟಗರಿನ ಕೊಂಬಿನ ಪಟ್ಟಿ ಕೂರಿಸುತ್ತಿದ್ದರು. ಹಿಂಬದಿಯನ್ನು ತೋಡಿ ಸೀಸ ಕಾಸಿ ಹೊಯ್ಯುತ್ತಿದ್ದರು. ಮರ, ಕೊಂಬು, ಸೀಸ. ಹೀಗೆ ಈ ತಲೆ ಮೊದಲಿನಿಂದಲೂ ಸಂಯುಕ್ತವೇ.

ಚೆಂಡು ಬದಲಾದಾಗಲೆಲ್ಲ ತಲೆಯೂ ಬದಲಾಯಿತು. ಮೊದಲು ತೊಗಲಿನ ಚೀಲಕ್ಕೆ ಗರಿ ತುರುಕಿದ ಚೆಂಡು. ೧೮೪೮ರ ಸುಮಾರಿಗೆ ಗಟಾಪರ್ಚ ಎಂಬ ಮರದ ಹಾಲಿನ ಗಟ್ಟಿ ಚೆಂಡು ಬಂತು. ಆ ಪೆಟ್ಟಿಗೆ ಉದ್ದ ಮೂತಿಗಳು ಬಿರಿದವು. ಮೂತಿ ಗಿಡ್ಡವಾಯಿತು, ಮುಖಕ್ಕೆ ತೊಗಲಿನ ತೇಪೆ ಬಿತ್ತು. ಬಳಿಕ ಅಮೆರಿಕದ ಪರ್ಸಿಮನ್ ಮರ ಬಂದು ಸುಮಾರು ನೂರು ವರ್ಷ ಆಳಿತು. ಅದು ಬೀಡಿ ಎಲೆ ಕೊಡುವ ನಮ್ಮ ತೂಬರೆಯ ದಾಯಾದಿ; ಗಟ್ಟಿ, ಒತ್ತಾದ ಮರ.

೧೯೭೯ರಲ್ಲಿ ಗ್ಯಾರಿ ಆಡಮ್ಸ್ ಎಂಬ ಅಮೆರಿಕದ ವ್ಯಾಪಾರಿ ಟೇಲರ್‌ಮೇಡ್ ಎಂಬ ಸಂಸ್ಥೆ ಕಟ್ಟಿ, ತುಕ್ಕು ಹಿಡಿಯದ ಉಕ್ಕಿನಿಂದ ಪೊಳ್ಳಾದ ತಲೆ ಮಾಡಿ ಮಾರಿದನು. ಆಟಗಾರರು ಅದನ್ನು ‘ಪಿಟ್ಸ್‌ಬರ್ಗಿನ ಪರ್ಸಿಮನ್’ ಎಂದು ಕರೆದರು. ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳ ಊರು. ಮರ ಹೋದರೂ ಹೆಸರು ಹೋಗಲಿಲ್ಲ: ಈ ಲೋಹದ ದಾಂಡನ್ನು ಇಂದಿಗೂ ಇಂಗ್ಲಿಷಿನಲ್ಲಿ ‘ಮರ’ವೆಂದೇ ಕರೆಯುತ್ತಾರೆ. ನಾವು ನಗಬೇಕಾಗಿಲ್ಲ. ಎಳ್ಳಿನ ನೆಯ್ ಎಣ್ಣೆಯಾಯಿತು. ಈಗ ಕಡಲೆಕಾಯಿ ಎಣ್ಣೆ ಎನ್ನುವಾಗ ಅದರಲ್ಲಿ ಎಳ್ಳೆಲ್ಲಿದೆ?

ಆ ಪೊಳ್ಳು ತಲೆಯನ್ನು ಎರಕ ಹೊಯ್ದ ರೀತಿ ಗಮನಾರ್ಹ. ಮೊದಲು ಮೇಣದಲ್ಲಿ ತಲೆಯ ಪ್ರತಿರೂಪ. ಅದರ ಮೇಲೆ ಮಣ್ಣಿನಂಥ ಲೇಪ. ಕಾಸಿದಾಗ ಮೇಣ ಕರಗಿ ಹರಿದು, ಉಳಿದ ಪೊಳ್ಳಿಗೆ ಕರಗಿದ ಲೋಹ. ಇದು ನಮ್ಮಲ್ಲಿ ವಿಗ್ರಹಗಳನ್ನು ಹೊಯ್ಯುವ ಕ್ರಮವಲ್ಲದೆ ಬೇರೆಯಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಈ ವಿಧಾನದ ವಿವರಣೆ ಇದೆ. ಮೇಣವನ್ನು ತೂಗಿ, ಆ ತೂಕದಿಂದ ಬೇಕಾದ ಲೋಹವನ್ನು ಲೆಕ್ಕಹಾಕುವ ಕ್ರಮವೂ ಅಲ್ಲಿದೆ. ಗಾಲ್ಫಿನ ಕಾರ್ಖಾನೆಯಲ್ಲಿಯೂ ಲೆಕ್ಕ ಅದೇ: ಮೇಣದ ಸಾಂದ್ರತೆ ಸುಮಾರು ಒಂದು, ಉಕ್ಕಿನದು ೭.೮.

ಇಲ್ಲಿ ಒಂದು ಲೆಕ್ಕವನ್ನು ವಿದ್ಯಾರ್ಥಿಗಳು ನಮ್ಮೊಡನೆ ಮಾಡಿ ನೋಡಲಿ. ದೂರದ ಹೊಡೆತದ ದಾಂಡಿನ ತಲೆ ಸುಮಾರು ೨೦೦ ಗ್ರಾಂ. ಅಷ್ಟು ಉಕ್ಕನ್ನು ಗಟ್ಟಿ ಉಂಡೆ ಮಾಡಿದರೆ ೨೬ ಘನ ಸೆಂಟಿಮೀಟರ್, ಒಂದು ನಿಂಬೆಹಣ್ಣಿನಷ್ಟು. ಆದರೆ ೨೦೦೪ರಿಂದ ನಿಯಮ ಒಪ್ಪುವ ಅತಿ ದೊಡ್ಡ ತಲೆಯ ಗಾತ್ರ ೪೬೦ ಘನ ಸೆಂಟಿಮೀಟರ್, ಒಂದು ಸಣ್ಣ ಚೊಂಬಿನಷ್ಟು. ಎಲ್ಲ ತಯಾರಕರೂ ಆ ಮೇರೆಯ ತನಕ ಹೋಗಿ ನಿಂತಿದ್ದಾರೆ. ತೂಕವನ್ನು ಹೆಚ್ಚಿಸದೆ ಗಾತ್ರವನ್ನು ಇಷ್ಟು ಹಿಗ್ಗಿಸುವುದು ಏತಕ್ಕೆ?

ಅಡ್ಡೆ ಹೊತ್ತವನನ್ನು ನೆನೆಯಿರಿ. ಎರಡು ಕೊಡಗಳನ್ನು ಅಡ್ಡೆಯ ಎರಡು ತುದಿಗೆ ತೂಗಹಾಕಿದಾಗ ಅವನು ಥಟ್ಟನೆ ತಿರುಗಲಾರನು. ಅದೇ ಕೊಡಗಳನ್ನು ಎದೆಗೆ ಅವಚಿಕೊಂಡರೆ ಬುಗುರಿಯಂತೆ ತಿರುಗಬಲ್ಲನು. ತೂಕ ಒಂದೇ, ಕೇಂದ್ರದಿಂದ ದೂರ ಬೇರೆ. ದೂರದ ವರ್ಗದಿಂದ ತೂಕವನ್ನು ಗುಣಿಸಿದರೆ ಬರುವುದಕ್ಕೆ ಭ್ರಮಣ ಜಡತ್ವ ಎಂದು ಹೆಸರು. ಚೆಂಡು ತಲೆಯ ನಡುವೆ ತಾಗದೆ ಅಂಚಿಗೆ ತಾಗಿದರೆ ತಲೆ ತಿರುಚಿಕೊಳ್ಳುತ್ತದೆ, ಚೆಂಡು ದಾರಿ ತಪ್ಪುತ್ತದೆ. ತೂಕವೆಲ್ಲ ಅಂಚಿನಲ್ಲಿದ್ದರೆ ತಿರುಚುವುದು ಕಡಮೆ. ಇದನ್ನು ಮೊದಲು ಬುದ್ಧಿಪೂರ್ವಕವಾಗಿ ಬಳಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಎಂಜಿನಿಯರ್ ಆದ ಕಾರ್ಸ್ಟನ್ ಸೋಲ್ಹೈಮ್. ೧೯೫೯ರಲ್ಲಿ ಅವನು ಮಾಡಿದ, ತೂಕವನ್ನು ಎರಡು ತುದಿಗೆ ಸರಿಸಿದ ದಾಂಡು ಚೆಂಡಿಗೆ ತಾಗುವಾಗ ‘ಪಿಂಗ್’ ಎಂದಿತಂತೆ. ಆ ಸದ್ದೇ ಅವನ ಸಂಸ್ಥೆಯ ಹೆಸರಾಯಿತು.

ಉಕ್ಕಿನ ಕವಚವನ್ನು ತೆಳುಮಾಡಿ ಹಿಗ್ಗಿಸುವುದಕ್ಕೂ ಒಂದು ಮಿತಿ ಇದೆ. ೧೯೯೧ರಲ್ಲಿ ಕ್ಯಾಲವೇ ಸಂಸ್ಥೆಯ ಉಕ್ಕಿನ ತಲೆ ೧೯೦ ಘನ ಸೆಂಟಿಮೀಟರಿನಷ್ಟಾಯಿತು. ಅದೇ ಬಹು ದೊಡ್ಡದೆನಿಸಿತು. ೧೯೯೫ರಲ್ಲಿ ಅದೇ ಸಂಸ್ಥೆ ಟೈಟೇನಿಯಮಿಗೆ ತಿರುಗಿತು. ಟೈಟೇನಿಯಮಿನ ಸಾಂದ್ರತೆ ೪.೫, ಉಕ್ಕಿನ ಮೂರರಲ್ಲಿ ಎರಡು ಪಾಲಿಗಿಂತ ಕಡಮೆ, ಬಲ ಕಡಮೆಯಲ್ಲ. ಇದರ ಅದಿರೂ ಕಪ್ಪು ಮರಳೇ ಎಂಬುದು ಸ್ವಾರಸ್ಯ: ಕೇರಳದ ಚವರದ ಕಡಲತೀರದಲ್ಲಿ ಅಲೆಗಳು ಒಟ್ಟುವ ಇಲ್ಮನೈಟ್ ಮರಳು. ಅಲ್ಲಿ ೨೦೧೧ರಲ್ಲಿ ಟೈಟೇನಿಯಮ್ ತೆಗೆಯುವ ಕಾರ್ಖಾನೆ ಆರಂಭವಾಯಿತು. ಆದರೆ ಇದ್ದಿಲಿನ ಕುಲುಮೆ ಈ ಲೋಹವನ್ನು ಬಿಡಿಸಲಾರದು. ಅದಕ್ಕೆ ಕ್ಲೋರೀನ್, ಮೆಗ್ನೀಸಿಯಮ್, ಗಾಳಿ ಸೋಕದ ಪಾತ್ರೆ ಇವೆಲ್ಲ ಬೇಕು.

ಕೊನೆಯದಾಗಿ ಇಂಗಾಲದ ಎಳೆ. ೧೯೬೦ರ ದಶಕದಲ್ಲಿ ಜಪಾನಿನಲ್ಲಿಯೂ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾಲಯದಲ್ಲಿಯೂ ಸಿದ್ಧಗೊಂಡ ಈ ಎಳೆ ಕೂದಲಿಗಿಂತ ತೆಳು. ಎಳೆದರೆ ಉಕ್ಕಿಗಿಂತ ಬಲ. ಎಳೆಗಳನ್ನು ಹಾಸಿ ರಾಳದಲ್ಲಿ ನೆನೆಸಿ ಒತ್ತಿ ಕಾಸಿದರೆ ಸಂಯುಕ್ತ ಪದಾರ್ಥದ ಹಲಗೆಯಾಗುತ್ತದೆ. ಬಿದಿರಿನಂತೆ ಎಳೆಯುದ್ದಕ್ಕೆ ಬಲ ಹೆಚ್ಚು, ಅಡ್ಡಕ್ಕೆ ಕಡಮೆ. ಆದುದರಿಂದ ಪದರಗಳನ್ನು ಅಡ್ಡಡ್ಡ ಹಾಸುತ್ತಾರೆ. ಮಣ್ಣಿಗೆ ಹುಲ್ಲು ತುಳಿದು ಇಟ್ಟಿಗೆ ಮಾಡುವವನ ತತ್ತ್ವವೇ ಇಲ್ಲಿಯೂ. ಸಾಂದ್ರತೆ ಒಂದೂವರೆಯ ಸುಮಾರು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಈ ವಿದ್ಯೆ ಬಹಳ ಮುಂದೆ ಸಾಗಿದೆ. ೨೦೦೧ರ ಜನವರಿ ೪ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಸುಮಾರು ನೂರಕ್ಕೆ ೪೫ ಪಾಲು ಈ ಬಗೆಯ ಪದಾರ್ಥ.

ಗಾಲ್ಫಿನ ತಲೆಗೆ ಇದರ ಪ್ರಯೋಜನವೇನು? ತಲೆಯ ಮೇಲುಮುಚ್ಚಳ ೧೦೦ ಚದರ ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಅರ್ಧ ಮಿಲಿಮೀಟರ್ ದಪ್ಪದ ಟೈಟೇನಿಯಮ್ ಆದರೆ ಅದು ೨೨ ಗ್ರಾಂ, ೦.೭ ಮಿಲಿಮೀಟರಿನ ಇಂಗಾಲದ ಹಲಗೆಯಾದರೆ ೧೦ ಗ್ರಾಂ ಚಿಲ್ಲರೆ. ಉಳಿದುದು ೧೨ ಗ್ರಾಂ ಸಮೀಪ. ಅದನ್ನು ಕೇಂದ್ರದಿಂದ ೬ ಸೆಂಟಿಮೀಟರ್ ಹಿಂದೆ ಇಟ್ಟರೆ ೧೨ನ್ನು ೩೬ರಿಂದ ಗುಣಿಸಿದಂತೆ ೪೩೨. ನಿಯಮ ಒಪ್ಪುವ ಭ್ರಮಣ ಜಡತ್ವದ ಮೇರೆ ಇದೇ ಮಾನದಲ್ಲಿ ೫೯೦೦. ಒಂದು ಚಮಚ ಸಕ್ಕರೆಯ ತೂಕದ ಮೂರರಷ್ಟನ್ನು ಸರಿಸಿದುದರಿಂದ, ಮೇರೆಯ ಹದಿನಾಲ್ಕರಲ್ಲಿ ಒಂದು ಪಾಲು ಗಳಿಸಿದಂತಾಯಿತು. ಹಿಂದಿಡುವ ತೂಕಕ್ಕೆ ಸೀಸದ ಬದಲು ಈಗ ಟಂಗ್‌ಸ್ಟನ್. ಅದರ ಸಾಂದ್ರತೆ ೧೯.೩.

೨೦೦೨ರಲ್ಲಿ ಕ್ಯಾಲವೇ ಸಂಸ್ಥೆ ಇಡೀ ತಲೆಯನ್ನೇ ಇಂಗಾಲದ ಸಂಯುಕ್ತದಿಂದ ಮಾಡಿ ಮಾರಿತು. ಲೆಕ್ಕದ ಪ್ರಕಾರ ಚೆನ್ನಾಗಿಯೇ ಇತ್ತು. ಆದರೆ ಪೆಟ್ಟಿನ ಸದ್ದು ಮಂಕು. ಆಟಗಾರರು ಒಲ್ಲೆನೆಂದರು. ಇದನ್ನು ಬರಿಯ ಬೆಡಗೆಂದು ನಾವು ತಳ್ಳಿಹಾಕುವುದಿಲ್ಲ. ಚೆಂಡು ಮುಖಕ್ಕೆ ತಾಗಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಪೆಟ್ಟು ಹೇಗೆ ಬಿತ್ತೆಂದು ಕೈಗಿಂತ ಕಿವಿಯೇ ಮೊದಲು ಹೇಳುತ್ತದೆ. ಮೃದಂಗದ ಚರ್ಮದ ನಡುವೆ ಕರಿಯ ಕರಣೆ ಮೆತ್ತಿ, ತ್ರಾಸಿನಲ್ಲಿ ತೂಗಿದಂತೆ ಭಾರವನ್ನು ಹಂಚಿ, ನಾದವನ್ನು ಶ್ರುತಿಗೆ ತರುವವರು ಈ ಮಾತನ್ನು ಒಪ್ಪುವರು, ಸರ್ ಸಿ. ವಿ. ರಾಮನ್ ೧೯೨೦ರಲ್ಲಿಯೇ ಆ ಭಾರದ ಹಂಚಿಕೆಯ ಗಣಿತವನ್ನು ಕುರಿತು ಬರೆದಿದ್ದಾರೆ. ತರುವಾಯ ಅದೇ ಸಂಸ್ಥೆ ಮುಖಕ್ಕೆ ಟೈಟೇನಿಯಮ್, ಮೈಗೆ ಇಂಗಾಲ ಎಂಬ ಕೂಡಿಕೆಗೆ ಬಂದಿತು. ಕೊಡಲಿಯ ಬಾಯಿಗೆ ಉಕ್ಕು, ಮೈಗೆ ಕಬ್ಬಿಣ ಎಂದ ಕಮ್ಮಾರನ ಹಂಚಿಕೆ ಇದೇ ಅಲ್ಲವೇ?

ಕೂಡಿಸುವ ಕಷ್ಟ ಇಲ್ಲಿಯೂ ತಪ್ಪಲಿಲ್ಲ. ಕಾಸಿ ಬಡಿಯುವಂತಿಲ್ಲ, ರಾಳ ಸುಟ್ಟುಹೋಗುತ್ತದೆ. ಅಂಟಿನಿಂದಲೇ ಕೂಡಿಸಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಲೋಹ ಹಿಗ್ಗುತ್ತದೆ, ಇಂಗಾಲದ ಎಳೆ ಹಿಗ್ಗುವುದಿಲ್ಲವೆಂದರೂ ಸರಿ. ಬಂಡಿಗಾಲಿಯಲ್ಲಿ ಬಂಧುವಾದ ಈ ಹಿಗ್ಗುವಿಕೆ ಇಲ್ಲಿ ವೈರಿ. ಆ ಸೆಣಸಾಟವನ್ನೆಲ್ಲ ತೆಳುವಾದ ಅಂಟಿನ ಪದರ ಸಾವಿರಾರು ಪೆಟ್ಟುಗಳ ನಡುವೆ ಸಹಿಸಬೇಕು. ಅಲ್ಯೂಮಿನಿಯಮಿಗೆ ಇಂಗಾಲ ನೇರವಾಗಿ ತಾಗಿದರೆ ತೇವದಲ್ಲಿ ಲೋಹ ಕೊರೆದುಹೋಗುವ ಇನ್ನೊಂದು ಕಾಟವುಂಟು, ಟೈಟೇನಿಯಮಿಗೆ ಅದಿಲ್ಲ. ಮುಖವನ್ನೇ ಇಂಗಾಲದಿಂದ ಮಾಡುವ ಧೈರ್ಯ ಬರಲು ಮತ್ತೆ ಎರಡು ದಶಕ ಹಿಡಿಯಿತು. ೨೦೨೨ರಲ್ಲಿ ಟೇಲರ್‌ಮೇಡ್ ಸಂಸ್ಥೆ ಅರುವತ್ತು ಪದರಗಳ ಇಂಗಾಲದ ಮುಖವುಳ್ಳ ತಲೆಯನ್ನು ಹೊರತಂದಿತು.

ಇಷ್ಟೆಲ್ಲ ಹೇಳಿದ ಮೇಲೂ ದಾಂಡೇ ಆಡುವುದಿಲ್ಲ. ಟೋಕಿಯೋ ಒಲಿಂಪಿಕ್ಸಿನಲ್ಲಿ, ೨೦೨೧ರಲ್ಲಿ, ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದುದು ದೂರದ ಹೊಡೆತದಿಂದಲ್ಲ. ಕುಳಿಯ ಬಳಿಯ ನಿಖರವಾದ ಮೆಲುಹೊಡೆತದಿಂದ.

ಇನ್ನು ನಮ್ಮ ಅಭಿಪ್ರಾಯ. ಈ ವಿಷಯದಲ್ಲಿ ಎರಡು ಬಗೆಯ ಮಾತುಗಳನ್ನು ನಾವು ಕೇಳುತ್ತೇವೆ. ಎಲ್ಲವೂ ನಮ್ಮ ಹಿರಿಯರಿಗೆ ಗೊತ್ತಿತ್ತು ಎಂಬುದು ಒಂದು. ನಮ್ಮದೆಂಬುದು ಏನೂ ಇರಲಿಲ್ಲ ಎಂಬುದು ಇನ್ನೊಂದು. ಎರಡೂ ಸೋಮಾರಿತನದ ಮಾತುಗಳು. ಇಂಗಾಲದ ಎಳೆಯನ್ನು ಚನ್ನರಾಯನದುರ್ಗದವರು ಕಂಡಿರಲಿಲ್ಲ. ಟೈಟೇನಿಯಮ್ ಎಂಬ ಧಾತುವಿನ ಹೆಸರೂ ಅವರಿಗೆ ತಿಳಿಯದು. ಆದರೆ ಯಾವ ಗುಣ ಎಲ್ಲಿ ಬೇಕು, ಯಾವುದನ್ನು ಯಾವುದರೊಡನೆ ಯಾವ ಹದದಲ್ಲಿ ಕೂಡಿಸಬೇಕು ಎಂಬ ವಿವೇಕ ಅವರಲ್ಲಿ ಪೂರ್ಣವಾಗಿತ್ತು. ನಷ್ಟವಾದುದು ಆ ವಿವೇಕದ ದಾಖಲೆ. ಗಾಲ್ಫಿನ ತಲೆಯ ಪ್ರತಿಯೊಂದು ತಿರುವಿಗೂ ಪೇಟೆಂಟು ಉಂಟು, ನಕ್ಷೆಯುಂಟು, ತಯಾರಿಸಿದವನ ಹೆಸರುಂಟು. ಉಕ್ಕಿನ ಕಮ್ಮಾರನ ವಿದ್ಯೆಯನ್ನು ಬರೆದಿಟ್ಟವನು ಪರದೇಶದ ವೈದ್ಯ. ಅವನು ಕೂಡ ಕೆಲಸವನ್ನು ಬರೆದನೇ ಹೊರತು ಕೆಲಸಗಾರನನ್ನಲ್ಲ.

ಆ ಒಲೆಗಳು ಆರಿದುದಕ್ಕೆ ಕಾರಣಗಳು ಗೂಢವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನಲ್ಲಿ ಬಂದ ಇಂಗ್ಲೆಂಡಿನ ಉಕ್ಕು ಅಗ್ಗವಾಯಿತು. ಇದ್ದಿಲು ತುಟ್ಟಿಯಾಯಿತು, ಕಾಡಿಗೆ ಕಾವಲು ಬಂತು. ೧೯೨೩ರಲ್ಲಿ ಭದ್ರಾವತಿಯ ಕಾರ್ಖಾನೆ ಮಲೆನಾಡಿನ ಇದ್ದಿಲಿನಿಂದಲೇ ಕಬ್ಬಿಣ ತೆಗೆಯಲು ಆರಂಭಿಸಿದಾಗ, ಬಯಲುಸೀಮೆಯ ಮೂಸೆಗಳು ಬಹುಮಟ್ಟಿಗೆ ಬೂದಿಯಡಿಯಲ್ಲಿದ್ದವು. ಬೆಸೆಯುವ ಕಲೆ ಇನ್ನೂ ಕೆಲಕಾಲ ಉಳಿಯಿತು, ತಂದ ಉಕ್ಕಿನ ತುಂಡಿನಿಂದ. ಈಗ ಹಳ್ಳಿಯ ಕುಲುಮೆಯಲ್ಲಿ ಕೊಡಲಿಯಾಗುವುದು ಹೆಚ್ಚಾಗಿ ಹಳೆಯ ಲಾರಿಯ ಕಮಾನುಪಟ್ಟಿ. ಅದು ಇಡಿಯಾಗಿ ಒಂದೇ ಉಕ್ಕು; ಬಾಯಿಯನ್ನು ಬೇರೆಯಾಗಿ ಬೆಸೆಯುವ ಕೆಲಸವಿಲ್ಲ.

ಆದರೂ ಮನೆಯ ಅಟ್ಟದ ಮೇಲೆ, ಬಡಗಿಯ ಪೆಟ್ಟಿಗೆಯ ತಳದಲ್ಲಿ, ಹಳೆಯ ಬಾಚಿಯೊ ಉಳಿಯೊ ಇನ್ನೂ ದೊರೆಯುವುದುಂಟು. ಉಪಾಧ್ಯಾಯರು ಅಂಥದೊಂದನ್ನು ತರಗತಿಗೆ ತರಿಸಲಿ. ಅದರ ಬಾಯಿಯ ಮಗ್ಗುಲನ್ನು ನುಣುಪು ಕಲ್ಲಿನ ಮೇಲೆ ಹೊಳೆಯುವಂತೆ ಉಜ್ಜಿಸಿ, ನಿಂಬೆಯ ರಸ ಸವರಿ, ಅರ್ಧ ಗಂಟೆ ಬಿಟ್ಟು ತೊಳೆಯಲಿ. ಬೆಸೆದ ಉಪಕರಣವಾದರೆ ಅಂಚಿನ ಕಡೆ ಉಕ್ಕು ಕಪ್ಪೇರಿ, ಮೈಯ ಕಬ್ಬಿಣ ಬೆಳ್ಳಗೆ ಉಳಿದು, ನಡುವೆ ಕೂದಲೆಳೆಯಂಥ ಗೆರೆಯೊಂದು ಕಾಣಿಸುತ್ತದೆ.